ಮಾತಾಲಳ ಅನುಮಾನವೂ ಕಪ್ಪು ಸೋಡಾವೂ

ಚಾಮುಲದ ಗುಡ್ಡಗಳಲ್ಲಿ ಉಣ್ಣೆ ನೇಯುವ ಹೆಂಗಸರು ಬಹಳ. ಆದರೆ ಮಾತಾಲಳಷ್ಟು ಬಿಗಿಯಾಗಿ ನೇಯುವವರೂ ಇರಲಿಲ್ಲ, ಅವಳಷ್ಟು ಅನುಮಾನ ಪಡುವವರೂ ಇರಲಿಲ್ಲ. ಕೋಳಿ ಮೊಟ್ಟೆಯಿಡದಿದ್ದರೆ ಯಾರೋ ಕಣ್ಣು ಹಾಕಿದ್ದಾರೆ ಎನ್ನುವಳು. ನಾನು ಆ ಊರಿನ ಶಾಲೆಗೆ ಹೋದ ಹೊಸತರಲ್ಲಿ ನನ್ನ ಸೀಮೆಸುಣ್ಣವನ್ನೂ ಮೂಸಿ ನೋಡಿದ್ದಳು.

ಅವಳ ಮೊಮ್ಮಗಳು ಲೋಶಾ ನನ್ನ ಒಂದನೆಯ ತರಗತಿಯಲ್ಲಿದ್ದಳು. ತಾಯಿ ಪಟ್ಟಣದ ಹೋಟೆಲಿನಲ್ಲಿ ರೊಟ್ಟಿ ತಟ್ಟುತ್ತಿದ್ದುದರಿಂದ ಮಗು ಅಜ್ಜಿಯ ಬಳಿಯೇ ಬೆಳೆಯುತ್ತಿತ್ತು. ಆ ಮಳೆಗಾಲದಲ್ಲಿ ಲೋಶಾಳಿಗೆ ಉಬ್ಬಸ ಹಿಡಿಯಿತು. ಪಾಠ ಓದಲು ನಿಂತರೆ ಎದೆಯೊಳಗೆ ಬೆಕ್ಕಿನ ಮರಿ ಗುರುಗುಟ್ಟಿದಂತೆ ಸದ್ದು. ಮಾತಾಲಳು ಆ ಸದ್ದನ್ನು ಮರೆತಿರಲಿಲ್ಲ. ಅವಳ ಹಿರಿಯ ಮಗ ಚಿಕ್ಕಂದಿನಲ್ಲಿ ಹೀಗೆಯೇ ಉಸಿರು ಎಳೆಯುತ್ತ ಎಳೆಯುತ್ತ ಹೋಗಿಬಿಟ್ಟಿದ್ದ.

ನಾಡಿ ನೋಡುವ ಮುದುಕ ಲೋಲನನ್ನು ಕರೆಸಿದಳು. ಅವನು ಮಗುವಿನ ಮಣಿಕಟ್ಟು ಹಿಡಿದು, ರಕ್ತ ಏನು ಹೇಳುತ್ತದೆಂದು ಕೇಳಿಸಿಕೊಂಡ.

"ಯಾರದೋ ಹೊಟ್ಟೆಕಿಚ್ಚು ಎದೇಲಿ ಕೂತಿದೆ. ತೇಗಿನ ಜೊತೆ ಹೊರಗೆ ಬರಬೇಕು. ಯಾರದು ಅಂತ ಗೊತ್ತಾಗೋವರೆಗೂ ಅನುಮಾನ ಬಂದೋರ ಕೈಯಿಂದ ಏನೂ ಕುಡಿಸಬೇಡ."

ತೇಗು ಬರಿಸಲು ಅಂಗಡಿಯಲ್ಲಿ ಸಿಗುವ ಸಿಹಿ ಕಪ್ಪು ಸೋಡಾಕ್ಕಿಂತ ಒಳ್ಳೆಯದಿಲ್ಲ ಎಂಬುದು ಅಲ್ಲಿನವರ ನಂಬಿಕೆ. ದೇವರ ಮುಂದೆ ಮೇಣದಬತ್ತಿಯ ಪಕ್ಕದಲ್ಲಿ ಅದೇ. ಹೆಣ್ಣು ಕೇಳಲು ಹೋದರೂ ಕಾಯಿಲೆಯವರನ್ನು ನೋಡಲು ಹೋದರೂ ಕೈಯಲ್ಲಿ ಅದೇ. ಲೋಶಾಳನ್ನು ನೋಡಲು ಬಂದವರೆಲ್ಲ ತಂದ ಬಾಟಲಿಗಳು ಗೋಡೆಗುಂಟ ಸಾಲಾಗಿ ನಿಂತವು. ಮಗು ಕುಡಿದು ತೇಗಿದಾಗಲೆಲ್ಲ ಅಜ್ಜಿ, "ಹೋಯ್ತು, ಇನ್ನಷ್ಟು ಹೋಯ್ತು!" ಎಂದು ಹಿಗ್ಗುವಳು. ಆದರೆ ಮಲಗಿಸಿದೊಡನೆ ಮತ್ತೆ ಕೆಮ್ಮು, ಮತ್ತೆ ಅದೇ ಗುರುಗುಟ್ಟುವಿಕೆ.

ನಾನು ಅಜ್ಜಿ ಮೊಮ್ಮಗಳನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಅಲ್ಲಿನ ದಾದಿ ಮಗುವಿಗೆ ಬಾಯಿಂದ ಎಳೆದುಕೊಳ್ಳುವ ಔಷಧಿ ಕೊಟ್ಟಳು. "ಅಜ್ಜಿ, ಇದನ್ನ ತಪ್ಪಿಸಬೇಡಿ. ಒಲೆ ಹೊಗೆ ಹತ್ರ ಕೂರಿಸಬೇಡಿ. ಆ ಸೋಡಾನೂ ಬಿಡಿಸಿ, ನೀರು ಕುಡಿಸಿ ನೋಡಿ. ಅದರಿಂದಲೇ ಬಂತು ಅಂತ ಹೇಳೋಕಾಗಲ್ಲ. ಆದ್ರೆ ಜಾಸ್ತಿ ಕುಡಿಯೋ ಮಕ್ಕಳಲ್ಲಿ ಉಬ್ಬಸ ಜಾಸ್ತಿ ಕಾಣ್ತಾ ಇದೆ."

ಹೊರಗೆ ಬಂದೊಡನೆ ಮಾತಾಲಳು ನನ್ನ ಕಿವಿಯಲ್ಲಿ, "ಇವಳು ನೀರು ಮಾರೋರ ಕಡೆಯವಳೇ ಇರಬೇಕು, ಮೇಷ್ಟ್ರೇ" ಎಂದಳು. ಔಷಧಿಯನ್ನು ಮಾತ್ರ ಒಪ್ಪಿಕೊಂಡಳು. ಒತ್ತಿದರೆ 'ಪುಸ್' ಎನ್ನುತ್ತಿದ್ದುದರಿಂದ ಅದೂ ಒಂದು ಬಗೆಯ ತೇಗೆಂದು ಅವಳ ಲೆಕ್ಕ.

ಇನ್ನು ಹೊಟ್ಟೆಕಿಚ್ಚಿನವಳನ್ನು ಹಿಡಿಯಬೇಕಿತ್ತು. ಮೊದಲ ಅನುಮಾನ ಪಕ್ಕದ ಮನೆಯ ಪಾಶ್ಕುವಿನ ಮೇಲೆ. ಲೋಶಾಳ ನಾಮಕರಣದ ದಿನ ಮಗುವನ್ನು ಎತ್ತಿಕೊಂಡವಳು ಅವಳೇ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು 'ಕುಮಾಲೆ', ಅಂದರೆ ಮಗುವಿನಿಂದಾದ ನಂಟಿನವಳು, ಎಂದು ಕರೆಯುತ್ತಿದ್ದರು. ಪಾಶ್ಕುವಿಗೆ ಮೊಮ್ಮಕ್ಕಳಿಲ್ಲ. ಅನುಮಾನಕ್ಕೆ ಅಷ್ಟು ಸಾಕಾಯಿತು. ಪಾಶ್ಕು ಬಾಟಲಿ ತಂದಾಗ ಮಾತಾಲಳು ಕೈಚಾಚಲಿಲ್ಲ.

"ಯಾಕೆ ಕುಮಾಲೆ, ನನ್ನ ಕೈಗೆ ಹುಳ ಬಿದ್ದಿದೆಯಾ?"

"ಹುಳ ಎಲ್ಲಿದೆ ಅಂತ ನಿಂಗೇ ಗೊತ್ತು."

"ನಾನು ಎತ್ತಿ ಆಡಿಸಿದ ಕೂಸದು! ನಿನ್ನ ನಾಲಿಗೆ ಸೇದಿಹೋಗ!"

ಕೊಟ್ಟದ್ದನ್ನು ಕುಡಿಯದಿರುವುದು ಅಲ್ಲಿ ಕೆನ್ನೆಗೆ ಹೊಡೆದಂತೆ. ಪಾಶ್ಕು ಬಾಟಲಿಯನ್ನು ಹೊಸ್ತಿಲಲ್ಲೇ ಸುರಿದು ಹೋದಳು. ಆಮೇಲೆ ನಾದಿನಿಯ ಮೇಲೆ ಅನುಮಾನ, ಅಂಗಡಿಯವಳ ಮೇಲೆ ಅನುಮಾನ. ಒಬ್ಬೊಬ್ಬರ ಬಾಟಲಿಯೂ ನಿಂತುಹೋಗಿ, ಕೊನೆಗೆ ಗೋಡೆಯೆಲ್ಲ ಖಾಲಿಯಾಯಿತು. ಈಗ ಮಗು ಸೋಡಾದ ಬದಲು ಮನೆಯ ಹುಳಿಗಂಜಿ ಕುಡಿಯುತ್ತಿತ್ತು. ಒಂದು ದಿನ ಲೋಶಾ ಪೂರ್ತಿ ಪಾಠವನ್ನು ನಡುವೆ ಉಸಿರಿಗೆ ನಿಲ್ಲದೆ ಓದಿದಳು.

"ನೋಡಿದ್ರಾ? ಆ ಪಾಶ್ಕುವೇ ಕಳ್ಳಿ!" ಎಂದು ಮಾತಾಲಳು ಊರಿಗೆಲ್ಲ ಸಾರಿದಳು. ಮಗು ಗುಣವಾಗಲೆಂದು ದೇವರಿಗೆ ಹೊತ್ತಿದ್ದ ಹರಕೆ ತೀರಿಸಲು ತಾನೇ ಪಟ್ಟಣಕ್ಕೆ ಹೋಗಿ, ತಾನೇ ಆರಿಸಿ, ತಾನೇ ಹೊತ್ತು ಒಂದು ಪೆಟ್ಟಿಗೆ ಸೋಡಾ ತಂದಳು. ದೇವರ ಮುಂದಿಟ್ಟು, ದಿನವೂ ತನ್ನ ಕೈಯಾರೆ ಮಗುವಿಗೆ ಕುಡಿಸಿದಳು.

ಪೆಟ್ಟಿಗೆ ಮುಗಿಯುವ ಮೊದಲೇ ಬೆಕ್ಕಿನ ಮರಿ ಎದೆಗೆ ಮರಳಿತು.

ಅವಳು ಶಾಲೆಯ ಜಗಲಿಗೆ ಬಂದು ಕುಳಿತಳು. ಮುಖ ಬಿಳಿಚಿತ್ತು. "ಬೇರೆ ಯಾರೂ ಮುಟ್ಟಿಲ್ಲ, ಮೇಷ್ಟ್ರೇ. ಉಳಿದಿರೋಳು ನಾನೊಬ್ಬಳೇ. ನನ್ನ ಕೂಸಿನ ಮೇಲೆ ನಾನೇ ಹೊಟ್ಟೆಕಿಚ್ಚು ಪಡೋಕೆ ಅವಳೇನು ನನ್ನ ಸವತಿಯಾ?"

ಅವಳು ಸೆರಗಿನೊಳಗಿದ್ದ ಬಾಟಲಿಯನ್ನು ತೆಗೆದು, ಹಿಂದೆ ನನ್ನ ಸೀಮೆಸುಣ್ಣವನ್ನು ಮೂಸಿದಂತೆಯೇ ಮೂಸಿದಳು. ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಎಲ್ಲಾ ಮನೆಯಿಂದಲೂ ಬಂದೋಳು ಇವಳೊಬ್ಬಳೇ," ಎಂದಳು ಕೊನೆಗೆ, ಬಾಟಲಿಯತ್ತ ಬೆರಳು ತೋರಿಸಿ.

ಪಾಶ್ಕುವಿನ ಕ್ಷಮೆ ಕೇಳಬೇಕಿತ್ತು. ಕ್ಷಮೆ ಕೇಳುವುದೂ ಅಲ್ಲಿ ಸೋಡಾದಿಂದಲೇ. ಮಾತಾಲಳು ಮಾತ್ರ ಮೆಕ್ಕೆಜೋಳದ ಹುಳಿಗಂಜಿಯ ಗಡಿಗೆ ಹೊತ್ತು, ಲೋಶಾಳನ್ನೂ ನನ್ನನ್ನೂ ಕರೆದುಕೊಂಡು ಹೋದಳು.

ಪಾಶ್ಕು ಗಡಿಗೆಯೊಳಗೆ ಇಣುಕಿದಳು. "ನನ್ನ ಮಾನಕ್ಕೆ ಗಂಜಿ ಬೆಲೆಯಾ? ಏನು ಬೆರೆಸಿದ್ದೀಯ ಇದರಲ್ಲಿ?"

"ಜೋಳ. ಮೊದಲು ನಾನೇ ಕುಡೀತೀನಿ, ನೋಡು."

ಬಟ್ಟಲು ತುಂಬಿಸಿ ಹಂಚುವುದು ಕಿರಿಯರ ಕೆಲಸ. ಲೋಶಾ ಅಜ್ಜಿಗೆ ಕೊಟ್ಟಳು. ಮಾತಾಲಳು ಗಟಗಟನೆ ಕುಡಿದು ಬರಿದಾದ ಬಟ್ಟಲನ್ನು ಬೋರಲು ಹಿಡಿದು ತೋರಿಸಿದಳು. ಪಾಶ್ಕು ಅವಳ ಗಂಟಲನ್ನೇ ನೋಡುತ್ತಿದ್ದು, ತನ್ನ ಪಾಲನ್ನು ತುಟಿಗೆ ತಾಗಿಸಿದಳು. ಮುಖ ಕಿವುಚಿದಳು.

"ಹುಳಿ ಜಾಸ್ತಿ. ನಿನ್ನ ಹಾಗೇ."

ಆದರೂ ಪೂರ್ತಿ ಕುಡಿದಳು. "ಇನ್ನೊಂದು ಬಟ್ಟಲು ತಾ, ಕೂಸೇ," ಎಂದಳು. ಲೋಶಾ ಅಂಗಳದ ಗಡಿಗೆಯತ್ತ ಓಡಿ, ತುಂಬಿಸಿಕೊಂಡು ಓಡುತ್ತಲೇ ಬಂದಳು. ಇಬ್ಬರು ಮುದುಕಿಯರೂ ಮಾತು ನಿಲ್ಲಿಸಿ, ತಲೆ ಬಾಗಿಸಿ, ಆ ಪುಟ್ಟ ಎದೆಯತ್ತ ಕಿವಿಯಿಟ್ಟರು.