ಬಾಟಲಿಯ ಬಾಯಿಗೆ ಹಿಡಿಸದ ಕೈ

ಅವರ ಕೈ ಮಣಿಕಟ್ಟಿನ ಹತ್ತಿರ ಸಪುರವಾಗುತ್ತಿರಲಿಲ್ಲ. ಮೊಣಕೈಯಿಂದ ಬೆರಳಿನ ಬುಡದವರೆಗೆ ಒಂದೇ ದಪ್ಪ. ಹೆಬ್ಬೆರಳ ಕೆಳಗೆ ಕುದಿಯುವ ಚಾ ಚೆಲ್ಲಿ ಆದ ಕಲೆ. ಅದು ಬಲಗೈಯೋ ಎಡಗೈಯೋ ನಿಶ್ಚಯವಿಲ್ಲ. ಬರೆಯುವಾಗ ಬಲಗೈ ಎಂದೇ ಬರುತ್ತದೆ, ಅದಕ್ಕೇ ಅನುಮಾನ. ಆದರೆ ಆ ಕೈ ಮಿಠಾಯಿ ಬಾಟಲಿಯ ಬಾಯಿಯೊಳಗೆ ಹೋಗುತ್ತಿರಲಿಲ್ಲ ಎಂಬುದರಲ್ಲಿ ಅನುಮಾನವಿಲ್ಲ. ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ ತಳ್ಳಿದರೂ ಗೆಣ್ಣಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಮಕ್ಕಳಿಗೆ ಪೆಪ್ಪರ್‌ಮಿಂಟ್ ಕೊಡಬೇಕಾದರೆ ಬಾಟಲಿಯನ್ನೇ ಓರೆ ಮಾಡಿ ಸುರಿಯುತ್ತಿದ್ದರು.

ಕುಂದಾಪುರದ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ಅಂಗಡಿಯ ಹಿಂದೆ ಮನೆ, ಮೇಲೆ ಒಂದು ಕೋಣೆ. 1997ರಲ್ಲಿ ಕಾಲೇಜಿಗೆ ಪಾಠ ಹೇಳಲು ಬಂದ ನಾನು ಆ ಕೋಣೆಗೆ ಬಾಡಿಗೆಗೆ ಸೇರಿದೆ. ಅವರು ಮುಂಬಯಿಯ ಕ್ಯಾಂಟೀನುಗಳಲ್ಲಿ ಪ್ರಾಯ ಕಳೆದು ಊರಿಗೆ ಮರಳಿದವರು. ಎಲ್ಲರೂ ಅವರನ್ನು ಅಂಗಡಿಯಣ್ಣ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನನ್ನನ್ನು ಅವರು ಮಾಷ್ಟ್ರೆ ಎನ್ನುತ್ತಿದ್ದರು.

ಅವರ ಹೆಂಡತಿ ಶಂಕರನಾರಾಯಣದ ಕಡೆಯವರು. ಮಕ್ಕಳಿಲ್ಲ. ನಾನು ಬಂದಾಗಲೇ ಆಕೆಗೆ ದಮ್ಮಿನ ಕಾಯಿಲೆ ಬಲಿತಿತ್ತು. ಮಳೆಗಾಲದ ಥಂಡಿ, ಗೋಡೆಯ ಬೂಷ್ಟು ಯಾವುದೂ ತಾಗಬಾರದೆಂದು ಡಾಕ್ಟರು ಹೇಳಿದ್ದರು. ಜೂನ್ ಬಂತೆಂದರೆ ಆಕೆ ನಡುಕೋಣೆಯಲ್ಲಿ ಕಿಟಕಿ ಮುಚ್ಚಿ ಕೂರಬೇಕು. ಹೊರಗೆ ಲೋಕವೆಲ್ಲ ಹಸುರಾಗುವ ತಿಂಗಳುಗಳಲ್ಲಿ ಆಕೆಗೆ ಕಾಣುತ್ತಿದ್ದುದು ಸುಣ್ಣ ಬಳಿದ ಗೋಡೆ ಮಾತ್ರ. ತವರಿನ ಕೆರೆಯ ಮೆಟ್ಟಿಲುಗಳಲ್ಲಿ ಆ ದಿನಗಳಲ್ಲಿ ಹೇಗೆ ಹಸುರು ಹಾವಸೆ ಹಿಡಿಯುತ್ತದೆ, ಕಲ್ಲಿನ ಸಂದಿಯಿಂದ ಜರಿಗಿಡ ಹೇಗೆ ಬಾಗುತ್ತದೆ ಎಂದು ಹೇಳುತ್ತಿದ್ದರು. "ಒಂದ್ಸಲ ಕಂಡ್ಕಂಡ್ ಬಪ್ಪುಕಾತಿಲ್ಲೆ ಅಲ್ದಾ," ಎಂದು ತಾವೇ ಮಾತು ಮುಗಿಸುತ್ತಿದ್ದರು.

ಅಂಗಡಿಗಳಿಗೆ ಪ್ಲಾಸ್ಟಿಕ್ ಡಬ್ಬಿಗಳು ಬಂದು ಗಾಜಿನ ಬಾಟಲಿಗಳು ಅಟ್ಟ ಸೇರುತ್ತಿದ್ದ ಕಾಲ. ಒಂದು ಭಾನುವಾರ ಅಂಗಡಿಯಣ್ಣ ಅಂಥ ಒಂದು ಬಾಟಲಿಯನ್ನು ಒರೆಸುತ್ತ ಕೂತಿದ್ದರು.

"ಎಂತ ತುಂಬ್ಸೂಕೆ?" ಎಂದೆ.

"ಕೆರೆ," ಎಂದರು.

ಹೆಂಡತಿ ಕೆರೆಯ ಬಳಿ ಹೋಗುವಂತಿಲ್ಲ. ಕೆರೆಯ ಮೆಟ್ಟಿಲೇ ಗಾಜಿನೊಳಗೆ ಆಕೆಯ ಬಳಿಗೆ ಬರಲಿ. ಥಂಡಿಯೆಲ್ಲ ಒಳಗೇ ಇರುತ್ತದೆ, ಮೇಲೆ ಬಿಗಿ ಮುಚ್ಚಳ. ಮುಂಬಯಿಯಲ್ಲಿ ಯಾರದೋ ಮನೆಯಲ್ಲಿ ಗಾಜಿನೊಳಗಿನ ಇಂಥ ತೋಟವೊಂದನ್ನು ಕಂಡಿದ್ದರಂತೆ.

ಮೊದಲನೆಯದು ಬದುಕಲಿಲ್ಲ. ಸಮೀಪ ಸಿಕ್ಕಿತೆಂದು ಕೋಡಿಯ ಕಡಲ ಮರಳನ್ನೇ ತಂದಿದ್ದರು. ಎಷ್ಟು ತೊಳೆದರೂ ಉಪ್ಪು ಬಿಡಲಿಲ್ಲ, ಹಾವಸೆ ಕಂದಿಹೋಯಿತು. ಎರಡನೆಯದಕ್ಕೆ ಮರದ ಬುಡದಿಂದ ತರಗೆಲೆ ಕೊಳೆತ ಮಣ್ಣು ತಂದರು. ಆದರೆ ಆ ಮಣ್ಣು ಆಕೆಯ ಕೋಣೆಗೆ ಹೋಗಬೇಕಲ್ಲ. ಬೂಷ್ಟು ಬಂದೀತೆಂದು ಹೆದರಿ, ನೆಲಗಡಲೆ ಹುರಿಯುವ ಬಾಣಲೆಯಲ್ಲಿ ಅದನ್ನು ಹುರಿಯತೊಡಗಿದರು. ಓಣಿಯೆಲ್ಲ ಸುಟ್ಟ ಮಣ್ಣಿನ ವಾಸನೆ.

ಒಳಗಿನಿಂದ ಆಕೆಯ ದನಿ ಬಂತು. "ಹ್ವಾಯ್! ಎಂತ ಹುರೂದ್ ಅಲ್ಲ್?"

"ಮಣ್ಣ್."

"ಒಗ್ಗರಣಿಗ್ ಸಾಸ್ಮಿ ಕೊಡ್ಕಾ?"

ಆಕೆ ನಕ್ಕು, ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ ಇವರು ಬಾಣಲೆ ಬಿಟ್ಟು ಒಳಗೆ ಓಡಿದರು. ಮಣ್ಣು ಇನ್ನಷ್ಟು ಕರಕಲಾಯಿತು.

ಆ ಬಾಟಲಿಯ ತುಂಬ ಬಿಳಿ ಬೂಷ್ಟು ಹಬ್ಬಿತು. ಯಾವುದಕ್ಕೆ ಹೆದರಿ ಹುರಿದಿದ್ದರೋ ಅದೇ. ಗಾಜಿಗೆ ಮೂಗು ತಾಗಿಸಿ ನೋಡಿದ ಆಕೆ ತವರಿನ ಗೊಬ್ಬರದ ಗುಂಡಿ ನೆನಪಿಸಿಕೊಂಡರು. "ತರಗೆಲೆ ಅಡಿಗ್ ಸಣ್ಣ ಬಿಳಿ ಹುಳ ಚಟಚಟ ಹಾರ್ತಿಲ್ಯಾ? ಬೂಷ್ಟ್ ತಿಂಬುದೇ ಅವ್. ಅವ್ನೆಲ್ಲ ಹುರ್ದ್ ಹಾಕಿ, ಈಗ ಬೂಷ್ಟ್ ಬಂತ್ ಅಂದ್ರೆ?"

"ಹುಳನ ನಿನ್ನ ಕೋಣಿಗೆ ತರೂದಾ?"

"ಮುಚ್ಚಳ ಇತ್ತಲ್ದಾ ಮಾರಾಯ್ರೆ. ನಿಮ್ಗಿಂತ ಹುಳವೇ ಸುಮ್ನ್ ಇರ್ತ್."

ಮೂರನೆಯದಕ್ಕೆ ಅವರು ಬಸ್ಸು ಹತ್ತಿ ಹಾಲಾಡಿ ದಾಟಿ ಆ ಕೆರೆಗೇ ಹೋದರು. ನಾನೂ ಜೊತೆಗಿದ್ದೆ. ಮೆಟ್ಟಿಲಿನ ಹಾವಸೆಯನ್ನು ದೋಸೆ ಎಬ್ಬಿಸುವ ಸಟ್ಟುಗದಿಂದ ಎತ್ತಿ ಬಾಳೆಲೆಯಲ್ಲಿ ಸುತ್ತಿಕೊಂಡರು. ಬೆರಳುದ್ದದ ಜರಿಗಿಡ, ಕೆಂಪು ಮುರಕಲ್ಲಿನ ಚೂರು, ಹುರಿಯದ ಮಣ್ಣು. ಒಂದೆಲಗವನ್ನೂ ಕಿತ್ತುಕೊಂಡರು, ಬೇಗ ಹಬ್ಬಿ ಬಾಟಲಿ ತುಂಬೀತೆಂದು. ಮನೆಗೆ ಬಂದು ಹರವಿದಾಗ ಆಕೆ ಒಂದೆಲಗವನ್ನು ಬದಿಗೆ ಸರಿಸಿದರು. "ಇದ್ ಬ್ಯಾಡ. ಬೆಳೂದ್ ಬ್ಯಾಡ, ಇದ್ರೆ ಸಾಕ್."

ಆಮೇಲೆ ಅದು ಚಟ್ನಿಯಾಯಿತು.

ತಳಕ್ಕೆ ಮುರಕಲ್ಲು. ಅದರ ಮೇಲೆ ಹಳೆ ಸೊಳ್ಳೆಪರದೆಯ ತುಂಡು, ಮಣ್ಣು ಕೆಳಗೆ ಇಳಿಯದ ಹಾಗೆ. ಮೇಲೆ ತೆಂಗಿನ ಗೆರಟೆಯ ಇದ್ದಿಲು, ಆಮೇಲೆ ಮಣ್ಣು. ಗಿಡ ನೆಡುವ ಅವಸರ ಬರೀ ನನಗೆ. ಅವರು ನನ್ನ ಕೈ ಹಿಡಿದು ನಿಲ್ಲಿಸಿದರು. "ನಿಲ್ಲಿ ಮಾಷ್ಟ್ರೆ. ಮೊದ್ಲ್ ನೀರಿಗ್ ಕೂಕಂಬುಕೆ ಒಂದ್ ಜಾಗ ಬೇಕ್. ಬೇರಿನ್ ಬುಡದಗೇ ಕೂಕಂಡ್ರೆ ಗಿಡ ಕೊಳೀತ್."

ಆಮೇಲೆ ನೆಡುವುದು. ಅವರ ಕೈ ಒಳಗೆ ಹೋಗದು. ಪೊರಕೆಯ ಕಡ್ಡಿಗೆ ಚಮಚ ಕಟ್ಟಿ ಪ್ರಯತ್ನಿಸಿದರು. ಹಾವಸೆ ಮಗುಚಿ ಬಿತ್ತು. ಆಗ ಆಕೆ ಸೀರೆಯ ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಬಳೆಗಳನ್ನು ಮೇಲಕ್ಕೆ ಸರಿಸಿ ಕೈ ಇಳಿಸಿದರು. ಕಾಯಿಲೆ ಆ ಕೈಯನ್ನು ಅಷ್ಟು ಸಪುರ ಮಾಡಿತ್ತು. ಬಾಟಲಿಯ ಬಾಯಿಗೆ ತಾಗದೆ ಮೊಣಕೈವರೆಗೆ ಹೋಯಿತು. ಅಂಗಡಿಯಣ್ಣ ಬಾಟಲಿ ಹಿಡಿದುಕೊಂಡು ಅದನ್ನು ನೋಡಿದರು. ಅವರು ನೋಡಿದ್ದು ಹಾವಸೆಯನ್ನಲ್ಲ.

ಅದು ಬದುಕಿತು. ಬೆಳಿಗ್ಗೆ ಗಾಜಿನ ಒಳಗೆ ಮಂಜು ಕೂತು, ಹೊತ್ತೇರಿದಂತೆ ಹನಿಯಾಗಿ ಇಳಿಯುತ್ತಿತ್ತು. ಮಣ್ಣಿನ ಜೊತೆ ಬಂದಿದ್ದ, ಸಾಸಿವೆಗಿಂತ ತುಸು ದೊಡ್ಡದಾದ ಬಸವನಹುಳು ಗಾಜನ್ನು ಹತ್ತುತ್ತಿತ್ತು. ಆಕೆ ಹೊರಗಿನ ಮಳೆಯ ಸದ್ದು ಕೇಳುತ್ತ ಗಾಜಿನ ಒಳಗಿನ ಮಳೆ ನೋಡುತ್ತಿದ್ದರು. "ಮೇಲಿಂದ ಕಾಂಬುದಲ್ಲ, ಬದಿಯಿಂದ ಕಾಣಿ," ಎಂದು ಅಂಗಡಿಯಣ್ಣ ನನ್ನನ್ನು ನೆಲದ ಮೇಲೆ ಕೂರಿಸುತ್ತಿದ್ದರು. ಬದಿಯಿಂದ ಕಂಡರೆ ನಿಜಕ್ಕೂ ಮೆಟ್ಟಿಲೇ. ಈ ಭಾಗ ನನ್ನ ನೆನಪಿನಲ್ಲಿ ಬಹಳ ಚೆಂದವಾಗಿದೆ. ಅಷ್ಟು ಚೆಂದವಿರಲಾರದು, ಕೋಣೆಯಲ್ಲಿ ಅಮೃತಾಂಜನದ ವಾಸನೆಯಿತ್ತು, ಮಂಚದ ಕೆಳಗೆ ಕಫ ಉಗುಳುವ ಡಬ್ಬಿಯಿತ್ತು.

ಇನ್ನೊಂದು ಮಳೆಗಾಲ ಕಳೆಯಿತು. ಅದರ ಮುಂದಿನದು ಶುರುವಾಗುವಾಗ ಆಕೆ ತೀರಿಕೊಂಡರು. ಆಸ್ಪತ್ರೆಗೆ ಒಯ್ಯಲು ರಿಕ್ಷಾ ಬಂದು ಓಣಿಯ ಬಾಯಲ್ಲಿ ನಿಂತಿತ್ತು.

ಅಂಗಡಿಯಣ್ಣ ಅಳಲಿಲ್ಲ. ಬಂದವರಿಗೆಲ್ಲ ಚಾ ಮಾಡಿಸಿದರು. ಗಟ್ಟಿ ಮನುಷ್ಯ ಎಂದು ಜನ ಮೆಚ್ಚಿಕೊಂಡರು. ನನಗೆ ಹೆದರಿಕೆಯಾಯಿತು.

ಸೂತಕ ಕಳೆಯುವ ದಿನ ಮನೆ ತೊಳೆಯುವುದು ರೂಢಿ. ತೀರಿಕೊಂಡವರ ಚಾಪೆ, ದಿಂಬು, ಮದ್ದಿನ ಶೀಶೆ ಯಾವುದೂ ಒಳಗೆ ಉಳಿಯಬಾರದು. ಬೈಂದೂರಿನಿಂದ ಬಂದಿದ್ದ ಅವರ ತಂಗಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಆ ಕೆಲಸಕ್ಕೆ ನಿಂತರು. ನಾನು ಕೆಳಗಿಳಿದು ಬಂದಾಗ ಹಿತ್ತಿಲ ಕಟ್ಟೆಯ ಮೇಲೆ ತೊಳೆದ ಪಾತ್ರೆಗಳ ನಡುವೆ ಆ ಬಾಟಲಿ ಬೋರಲು ಬಿದ್ದಿತ್ತು. ಎಷ್ಟು ಸ್ವಚ್ಛವಾಗಿತ್ತೆಂದರೆ ಅದರೊಳಗಿಂದ ಆಚೆಯ ಬಾವಿಕಟ್ಟೆ ಕಾಣುತ್ತಿತ್ತು.

ಅಂಗಡಿಯಣ್ಣ ನೋಡುತ್ತ ನಿಂತಿದ್ದರು. ತಂಗಿ ಕೈ ಒರೆಸಿಕೊಳ್ಳುತ್ತ ಬಂದರು. "ಎಷ್ಟ್ ಲಾಯ್ಕ್ ಬಾಟ್ಲಿ ಅಣ್ಣ! ಯಾವ ಕಾಲ್ದಗ್ ತೊಳ್ದದ್ದೋ, ಒಳ್ಗೆಲ್ಲ ಮಣ್ಣ್, ಹಾವ್ಸಿ. ನಾರ್ ಹಾಕಿ ತಿಕ್ಕಿ ತಿಕ್ಕಿ ಕೈ ಸೋತ್‌ಹೋಯ್ತ್."

ಆ ಹೆಂಗಸು ಹೊಗಳಿಕೆಗೆ ಕಾದು ನಿಂತಿದ್ದರು.

"ಹ್ಞಾ," ಎಂದರು ಅಂಗಡಿಯಣ್ಣ. "ಲಾಯ್ಕ್ ಆಯ್ತ್."

ಒಳಗಿದ್ದುದನ್ನು ತೆಂಗಿನ ಬುಡಕ್ಕೆ ಚೆಲ್ಲಿದ್ದರು. ಅಂಗಡಿಯಣ್ಣ ಅಲ್ಲಿ ಕುಕ್ಕರಗಾಲಲ್ಲಿ ಕೂತು ಹಾವಸೆಯ ಚೂರುಗಳನ್ನು ಹೆಕ್ಕಿದರು ಎಂದು ಇಲ್ಲಿ ಬರೆದಿದ್ದೆ, ಹೊಡೆದುಹಾಕಿದ್ದೇನೆ. ಹೆಕ್ಕಲಿಲ್ಲ. ಊಟದ ಎಲೆ ಹಾಕುವ ಹೊತ್ತಾಗಿತ್ತು, ಒಳಗೆ ಹೋದರು. ಸಂಜೆಯ ಮಳೆ ಬುಡವನ್ನು ತೊಳೆದುಕೊಂಡು ಹೋಯಿತು.

ಎಷ್ಟೋ ದಿನ ಕಳೆದ ಮೇಲೆ ಅಂಗಡಿಯ ಕಪಾಟಿನಲ್ಲಿ, ಬಿಸ್ಕತ್ತಿನ ಡಬ್ಬಿಗಳ ಸಾಲಿನಲ್ಲಿ ಆ ಬಾಟಲಿ ಮತ್ತೆ ಬಂದು ಕೂತಿತು. ಮುರಕಲ್ಲು, ಪರದೆ, ಇದ್ದಿಲು, ಮಣ್ಣು. ಅಷ್ಟೇ. ಹಸುರು ಇಲ್ಲ.

"ಗಿಡ?" ಎಂದೆ.

"ಕೈ ಹೋತಿಲ್ಲೆ ಅಲ್ದಾ ಮಾಷ್ಟ್ರೆ."

ನನ್ನ ಕೈ ಹೋಗುತ್ತದೆ, ಕೆರೆಗೆ ಹೋಗಿ ಬರೋಣ ಎಂದೆ. ಅವರು ನನ್ನ ಕೈಯನ್ನು ಒಂದು ಕ್ಷಣ ದಿಟ್ಟಿಸಿದರು. ಸಿಟ್ಟಿರಲಿಲ್ಲ.

"ನಿಮ್ ಕೈ ಹೋತ್ತ್, ಗೊತ್ತಿತ್," ಎಂದರು. "ಇರ್ಲಿ."

ಆಮೇಲೆ ಪ್ರತಿ ವರ್ಷ ಮಳೆಗೆ ಮೊದಲು ಅದನ್ನು ಬರಿದು ಮಾಡಿ, ತೊಳೆದು, ಹೊಸ ಮಣ್ಣು ತುಂಬಿಸುತ್ತಿದ್ದರು. ಒಂದು ಚೊಂಬು ನೀರು ಹೊಯ್ದು ಮುಚ್ಚಳ ಬಿಗಿಯುತ್ತಿದ್ದರು. ನೀರು ಇದ್ದಿಲನ್ನು ದಾಟಿ ಕಲ್ಲುಗಳ ನಡುವೆ ಇಳಿದು ನಿಲ್ಲುವವರೆಗೆ ಗಿರಾಕಿ ಕರೆದರೂ ಏಳುತ್ತಿರಲಿಲ್ಲ. ಒಮ್ಮೆ ಮಣ್ಣಿನಿಂದ ಒಂದು ಹುಲ್ಲಿನ ಎಸಳು ತಾನಾಗಿ ಎದ್ದು, ಬಿಳಿಚಿಕೊಂಡು ಮುಚ್ಚಳಕ್ಕೆ ತಲೆ ತಾಗಿಸಿ ಬಾಗಿತು. ಮುಚ್ಚಳ ತೆಗೆಯಿರಿ ಎಂದೆ. ತೆಗೆಯಲಿಲ್ಲ. ಅದು ಅಲ್ಲೇ ಕೊಳೆಯಿತು. ಇದಕ್ಕೆ ಒಂದು ಅರ್ಥ ಕೊಡಲು ಹಲವು ಸಲ ಯತ್ನಿಸಿ ಸೋತಿದ್ದೇನೆ.

ನಾನು ಮದುವೆಯಾಗಿ ಬ್ರಹ್ಮಾವರಕ್ಕೆ ಮನೆ ಬದಲಿಸಿದೆ. ನನ್ನ ಅಮ್ಮ ತೀರಿಕೊಂಡಾಗ ಅವರು ಬಸ್ಸಿನಲ್ಲಿ ಬಂದರು. ಗಟ್ಟಿ ಮನುಷ್ಯನ ಹಾಗೆ ನಾನೂ ಬಂದವರನ್ನು ಉಪಚರಿಸುತ್ತ ಓಡಾಡುತ್ತಿದ್ದೆ. ಅವರು ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಿಸಿ, ಬೆನ್ನ ಮೇಲೆ ಆ ದಪ್ಪ ಕೈ ಇಟ್ಟರು. "ಇಲ್ಲ್ ಕೂಕಣಿ ಒಂಚೂರ್," ಎಂದರು. ಯಾರೂ ಆ ಕಡೆ ಬರದ ಹಾಗೆ ನನಗೆ ಅಡ್ಡ ನಿಂತರು. ನಾನು ಅತ್ತು ಮುಗಿಸುವವರೆಗೆ ನಿಂತಿದ್ದರು. ಅವರಿಗೆ ಯಾರೂ ಹಾಗೆ ನಿಂತಿರಲಿಲ್ಲ. ಮೇಲಿನ ಕೋಣೆಯಲ್ಲಿದ್ದ ನಾನೂ ನಿಂತಿರಲಿಲ್ಲ.

ಅವರು ಹೋದದ್ದು ಹೆದ್ದಾರಿ ಅಗಲವಾಗುತ್ತಿದ್ದ ವರ್ಷಗಳಲ್ಲಿ. ನನಗೆ ಸುದ್ದಿ ಮುಟ್ಟುವಾಗ ಎಲ್ಲ ಮುಗಿದಿತ್ತು. ಕೆಲವು ದಿನಗಳ ಮೇಲೆ ಅವರ ತಂಗಿ ಬಂದರು. ಕೆಂಪು ಧೂಳು ತುಂಬಿದ ಬಸ್ಸಿನಲ್ಲಿ, ಆ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು. ಈಗ ಅವರೂ ಮುದುಕಿ.

"ನಿಮ್ಗೆ ಕೊಡ್ಕ್ ಅಂದೇಳಿದಿದ್ದ ಅಣ್ಣ," ಎಂದು ಮೇಜಿನ ಮೇಲೆ ಇಟ್ಟರು. ಚಾ ಕುಡಿದರು. ಹೊರಡುವಾಗ ಬಾಗಿಲಲ್ಲಿ ತಿರುಗಿ, ನನ್ನ ಮುಖ ನೋಡದೆ ಹೇಳಿದರು. "ತೊಳೀಲಿಲ್ಲೆ ಮಾಷ್ಟ್ರೆ. ಹಾಂಗೇ ತಂದಿದೆ."

ಬಾಟಲಿ ಈಗ ನನ್ನ ಮೇಜಿನ ಮೇಲಿದೆ. ತಳದ ಕಲ್ಲುಗಳ ನಡುವೆ ಅವರು ಹೊಯ್ದ ನೀರು ಇನ್ನೂ ನಿಂತಿದೆ. ಒಂದು ಸಲ ಮುಚ್ಚಳ ತಿರುಗಿಸಿ ಕೈ ಇಳಿಸಿದೆ. ಸಲೀಸಾಗಿ ಹೋಯಿತು. ಮಣ್ಣು ತಣ್ಣಗಿತ್ತು. ಏನೂ ನೆಡದೆ ಕೈ ತೆಗೆದು, ಮುಚ್ಚಳ ಬಿಗಿದೆ.