ಐದನೆಯ ಮನೆಯ ಉಲ್ಲನ್

ಉಳಿದ ಉಲ್ಲನ್ ದಾರದ ವಾಸನೆ ನಿಮಗೆ ಗೊತ್ತೋ ಇಲ್ಲವೋ. ವರ್ಷಗಟ್ಟಲೆ ಟ್ರಂಕಿನ ತಳದಲ್ಲಿ ಬಿದ್ದಿರುತ್ತದೆ. ನುಸಿಗುಳಿಗೆ, ಕೊಬ್ಬರಿ ಎಣ್ಣೆ, ಇಲಿಯ ಉಚ್ಚೆ ಎಲ್ಲ ಸೇರಿ ಒಂದು ಕಮಟು. ಗಜೇಂದ್ರಗಡದಲ್ಲಿ ಕಂಡವರ ಮಕ್ಕಳಿಗೆಲ್ಲ ಸ್ವೆಟರ್ ಹೆಣೆಯುತ್ತ ಬಂದವಳು ನಾನು, ಆ ಕಮಟು ನನಗೆ ಹೊಸದಲ್ಲ. ಆದರೆ ಅಂಥ ದಾರವನ್ನು ಸೆರಗೊಡ್ಡಿ ಬೇಡಿ ತಂದದ್ದು ಒಂದೇ ಕೂಸಿಗಾಗಿ.

ನರೇಗಲ್ಲಿಗೆ ಕೊಟ್ಟ ನನ್ನ ತಂಗಿಗೆ ಎರಡು ಕೂಸು ಹುಟ್ಟಿ, ಎರಡೂ ತಿಂಗಳು ತುಂಬುವುದರೊಳಗೆ ಹೋಗಿದ್ದವು. ಮೂರನೆಯದು ಹೆಣ್ಣು. ಮಾರ್ಗಶಿರದ ಥಂಡಿಯಲ್ಲಿ ಹುಟ್ಟಿತು, ಬಾಣಂತನ ನಮ್ಮ ಮನೆಯಲ್ಲಿ. ಹೀಗೆ ಕೂಸು ಉಳಿಯದವರು ಮುಂದಿನ ಕೂಸಿಗೆ ಹೊಸ ಬಟ್ಟೆ ತೊಡಿಸುವುದಿಲ್ಲ, ಐದು ಮನೆ ಬೇಡಿ ತಂದದ್ದನ್ನೇ ತೊಡಿಸಬೇಕು. ಬೇಡಿದ್ದನ್ನು ತೊಟ್ಟ ಕೂಸಿನ ಮೇಲೆ ಸಾವಿಗೂ ಆಸೆ ಹುಟ್ಟುವುದಿಲ್ಲವಂತೆ. ಇಂಥದ್ದನ್ನೆಲ್ಲ ಕೇಳಿದರೆ ನನ್ನ ಮೈ ಉರಿಯುತ್ತದೆ.

"ನನ್ನ ಚೀಲದಾಗ ಗಿರಾಕಿ ಬಿಟ್ಟುಹೋದ ದಾರ ಬೇಕಾದಷ್ಟೈತಿ. ಅದೂ ಮಂದಿ ಮನೀದ ಹೌದಲ್ಲ," ಅಂದೆ.

ತಂಗಿ ಕೂಸಿನ ಮುಖದಿಂದ ಕಣ್ಣು ಕೀಳಲಿಲ್ಲ. "ಬಿಟ್ಟುಹೋದದ್ದ ಬ್ಯಾರೆ, ಬೇಡಿದ್ದ ಬ್ಯಾರೆ ಅಕ್ಕಾ. ಇದೊಂದಾರ ಉಳೀಲಿ."

ಹೋದೆ, ಇನ್ನೇನು ಮಾಡಲಿ. ನೇಕಾರರ ಓಣಿಯ ಅಜ್ಜಿಯೊಬ್ಬಳು ಕುಂತಲ್ಲಿಂದ ಎದ್ದು, ಹುಡುಕಿ, ಹಳದಿ ಉಂಡೆಯೊಂದನ್ನು ಕೊಟ್ಟು ಕೂಸಿಗೆ ಹರಸಿದಳು. ಮತ್ತೊಂದು ಮನೆಯದರ ತುಂಬ ಎಲೆಯಡಿಕೆಯ ಕಲೆ, ಇನ್ನೊಂದಕ್ಕೆ ಯಾರದೋ ಉದ್ದ ಕೂದಲು ಸುತ್ತಿಕೊಂಡಿತ್ತು. ನಾಲ್ಕು ಮನೆ ಮುಗಿಯುವಷ್ಟರಲ್ಲಿ ನನ್ನ ಸೆರಗನ್ನೇ ಬಿಸಾಕಬೇಕು ಅನಿಸಿತ್ತು.

ಐದನೆಯದು ಬಜಾರಿನ ದೊಡ್ಡ ಅಂಗಡಿಯವರ ಮನೆ. ಅವರ ಮೊಮ್ಮಕ್ಕಳ ಸ್ವೆಟರೆಲ್ಲ ನನ್ನ ಕೈಯವೇ. ಗೇಣುದ್ದ ದಾರ ಉಳಿದರೂ ಆ ಯಜಮಾನತಿ ಕೇಳಿ ವಾಪಸ್ ಇಸಿದುಕೊಳ್ಳುತ್ತಿದ್ದಳು. ಹೊಸ್ತಿಲಾಚೆ ನಿಂತು ಸೆರಗೊಡ್ಡಿದೆ. ಆಕೆ ನೇರಳೆ ಬಣ್ಣದ ಉಂಡೆಯೊಂದನ್ನು ತಂದು ನೆಲಕ್ಕೆ ಹಾಕಿ, ಕಾಲ್ಬೆರಳಿನಿಂದ ನನ್ನ ಕಡೆ ತಳ್ಳಿದಳು.

"ಕೈಲೆ ಕೊಡಾಂಗಿಲ್ಲವಾ, ತಪ್ಪ ತಿಳೀಬ್ಯಾಡ. ನಮ್ಮನ್ಯಾಗೂ ಸಣ್ಣವು ಅದಾವ. ನಿನ್ನ ತಂಗಿ ಎರಡು ನುಂಗಿದಾಕಿ."

ಬಗ್ಗಿ ಎತ್ತಿಕೊಂಡೆ. ಥೂ, ಎತ್ತಿಕೊಂಡೆನಲ್ಲ! ಬಸ್ ಸ್ಟ್ಯಾಂಡಿನ ಹತ್ತಿರ ಬರುವವರೆಗೂ ಹಲ್ಲು ಕಚ್ಚಿಕೊಂಡಿದ್ದೆ. ಅಲ್ಲಿನ ಗಟಾರಕ್ಕೆ ಅದನ್ನು ಎಸೆದು ಮನೆಗೆ ಬಂದೆ. ನಾಲ್ಕು ಮನೆಯ ದಾರ ಎಡತೋಳಿನ ಹತ್ತಿರ ಬಂದು ಮುಗಿಯಿತು. ಆ ತೋಳನ್ನು ನನ್ನ ಚೀಲದ ಬಿಳಿ ದಾರದಿಂದಲೇ ಹೆಣೆದೆ.

"ಐದೂ ಮನೀದ ಹೌದಿಲ್ಲೋ?" ಎಂದು ತಂಗಿ ಕೇಳಿದಳು.

"ಹೂಂ," ಅಂದೆ.

ತೊಟ್ಟಿಲಿಗೆ ಹಾಕಿದ ಮರುವಾರವೇ ಕೂಸಿಗೆ ಕೆಮ್ಮು ಹಿಡಿಯಿತು. ಎದೆಯೆಲ್ಲ ಗೊರಗೊರ, ಹಾಲು ಹಿಡಿಯಲೊಲ್ಲದು. ದವಾಖಾನೆಯಲ್ಲಿ ಒಳಗೆ ಇಟ್ಟುಕೊಂಡರು. ತಂಗಿ ಅಳಲಿಲ್ಲ. ಹೊರಗಿನ ಬೆಂಚಿನ ಮೇಲೆ ಸ್ವೆಟರನ್ನು ತೊಡೆಯ ಮೇಲೆ ಹರಡಿಕೊಂಡು, ಒಂದೊಂದು ಬಣ್ಣದ ಮೇಲೂ ಬೆರಳಿಟ್ಟು ಇದು ಯಾರ ಮನೆಯದು, ಇದು ಯಾರ ಮನೆಯದು ಎಂದು ಕೇಳುತ್ತ ಬಂದಳು. ಬೆರಳು ಎಡತೋಳಿಗೆ ಬಂತು.

"ಈ ಬಿಳೀದು? ಖರೇ ಹೇಳಕ್ಕಾ."

ನನ್ನ ಕಣ್ಣು ನನ್ನ ಚೀಲದ ಕಡೆ ಹೋಯಿತು. ಅವಳು ನನ್ನನ್ನು ಬೈದಿದ್ದರೆ ಎಷ್ಟೋ ಚಲೋ ಇತ್ತು, ಸುಮ್ಮನೆ ಸ್ವೆಟರ್ ಮಡಚಿದಳು.

ಎದ್ದು ನಡೆದೆ. ಗಟಾರದಲ್ಲಿ ಆ ಉಂಡೆ ಎಲ್ಲಿರಬೇಕು. ಮತ್ತೆ ಅದೇ ಹೊಸ್ತಿಲಿಗೆ ಹೋಗಿ, ಮತ್ತೆ ಸೆರಗೊಡ್ಡಿದೆ. "ಅವ್ವಾರ, ಇನ್ನೊಂದೀಟು ದಾರ ನೀಡ್ರಿ."

"ಅವತ್ತ ಕೊಟ್ಟಿದ್ದೇನಾತು?"

"ಸಾಲಲಿಲ್ರಿ."

ಆಕೆ ಗೊಣಗುತ್ತ ಒಳಗೆ ಹೋದಳು. ಅದೇ ನೇರಳೆ ಬಣ್ಣ, ಈ ಸಲ ಇಲಿ ಕಡಿದದ್ದು, ಅದೇ ಕಾಲ್ಬೆರಳು. ನಾನು ಬಗ್ಗಿ ಎತ್ತಿಕೊಂಡದ್ದಷ್ಟೇ ಅಲ್ಲ, ಆಕೆಯ ಎದುರಿಗೇ ಅದನ್ನು ಕಣ್ಣಿಗೊತ್ತಿಕೊಂಡೆ. ಆಕೆಯ ಮೇಲಿನ ಹೇಸಿಕೆಗಿಂತ ನನ್ನ ಮೇಲಿನ ಹೇಸಿಕೆ ಹೆಚ್ಚಾಯಿತು. ದವಾಖಾನೆಯ ಬೆಂಚಿನ ಮೇಲೆ ಕೂತು ಬಿಳಿ ತೋಳು ಬಿಚ್ಚಿದೆ. ತುಂಡು ತುಂಡಾದ ದಾರಕ್ಕೆ ಗಂಟು ಹಾಕುತ್ತ ನೇರಳೆ ತೋಳು ಹೆಣೆದೆ. ತಂಗಿ ಉಂಡೆ ಹಿಡಿದುಕೊಂಡು ಪಕ್ಕದಲ್ಲೇ ಕೂತಿದ್ದಳು.

ಕೂಸು ಉಳಿಯಿತು. ಔಷಧಿಯಿಂದ ಉಳಿಯಿತು, ಅಷ್ಟು ತಿಳಿಯದವಳಲ್ಲ ನಾನು. ಅವಳಿಗೀಗ ನಾಲ್ಕು ವರ್ಷ, ಸ್ವೆಟರ್ ನನ್ನ ಟ್ರಂಕಿನಲ್ಲಿದೆ. ಹೋದ ತಿಂಗಳು ತಂಗಿಯೊಂದಿಗೆ ಬಂದಾಗ ಅವಳು ಅಂಗಳದಲ್ಲಿ ಆಡುತ್ತಿದ್ದಳು, ನಾನು ಒಳಗೆ ಟ್ರಂಕು ತೆಗೆದಿದ್ದೆ. ಆ ನೇರಳೆ ತೋಳು ಕಂಡಕೂಡಲೇ ಆ ಕಾಲ್ಬೆರಳು ನೆನಪಾಯಿತು. ಇವತ್ತು ಇದನ್ನು ಗಟಾರಕ್ಕೆ ಹಾಕಿಯೇ ಬಿಡುತ್ತೇನೆ ಎಂದು ಗಂಟು ಬಿಚ್ಚಿ, ತುದಿ ಎಳೆದು, ಎರಡು ಸಾಲು ಬಿಚ್ಚಿದ್ದೂ ಆಯಿತು.

ಅಂಗಳದಲ್ಲಿ ಅವಳು ಕೆಮ್ಮಿದಳು.

ಕಡ್ಡಿ ತೆಗೆದುಕೊಂಡು ಆ ಎರಡು ಸಾಲನ್ನು ಮತ್ತೆ ಹೆಣೆದು ಗಂಟು ಹಾಕಿದೆ.