ಕೆಳಗೆ ಹಚ್ಚಿದ ಪೋಸ್ಟರು

ಬ್ಯಾಡಗಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಖಾನಾವಳಿ ನಡೆಸುತ್ತಿದ್ದ ಅಕ್ಕ ಏನೇ ಮಾಡಿದರೂ ರೊಟ್ಟಿ ಬಡಿದಂತೆ ಸದ್ದು ಮಾಡಿಯೇ ಮಾಡುತ್ತಿದ್ದರು. ಸಾಕಿದ ಆಡು ಕಳೆದ ದಿನ ಖಾನಾವಳಿಯ ಒಲೆಯೇ ಹೊತ್ತಲಿಲ್ಲ. ಆಡಿನ ಫೋಟೊ ಝೆರಾಕ್ಸ್ ಮಾಡಿಸಿ, ಜೋಳದ ಹಿಟ್ಟು ಕುದಿಸಿ ಅಂಟು ಮಾಡಿ, ಪೇಟೆಯ ಗೋಡೆಗಳಿಗೆಲ್ಲ ಅಂಗೈಯಿಂದ ಬಡಿಬಡಿದು ಹಚ್ಚಿದರು. ಜೊತೆಗೆ ಹೋಗಿದ್ದ ನಾನು ಮೇಲೆ ಹಚ್ಚೋಣವೆಂದು ಕೈ ಎತ್ತಿದಾಗಲೆಲ್ಲ, “ಇನ್ನಷ್ಟು ಕೆಳಗ ಹಚ್ಚೋ, ಓಣಿ ಹುಡುಗ್ರ ಕಣ್ಣಿಗೆ ಬೀಳಬೇಕು,” ಎನ್ನುತ್ತಿದ್ದರು.

ಮರುದಿನ ನೋಡಿದರೆ ಪೋಸ್ಟರುಗಳೆಲ್ಲ ಅರ್ಧರ್ಧ ಹರಿದಿದ್ದವು. ಯಾರೋ ಕಿಡಿಗೇಡಿಯ ಕೆಲಸವೆಂದು ಬೈಯುತ್ತ ಅಕ್ಕ ಗೋಡೆಯಿಂದ ಗೋಡೆಗೆ ಜಾಡು ಹಿಡಿದು ಹೊರಟರು. ಮೆಣಸಿನಕಾಯಿ ಗೋದಾಮಿನ ಮೂಲೆಯಲ್ಲಿ ಅವರ ಆಡು ತನ್ನದೇ ಫೋಟೊ ಮೆಲ್ಲುತ್ತ ನಿಂತಿತ್ತು.

ಅಕ್ಕ ಅದರ ಕಿವಿ ಹಿಡಿದು ನನ್ನತ್ತ ತಿರುಗಿದರು. “ನಿನ್ನ ಮಾತು ಕೇಳಿ ಮ್ಯಾಲ ಹಚ್ಚಿದ್ರ, ಇದಕ್ಕ ಹೆಂಗ ನಿಲುಕತಿತ್ತೋ?”